ಮನೆದೇವರು ಯಾವುದಪ್ಪ?

ಚಳ್ಳಕೆರೆಯ ಬಸ್ ನಿಲ್ದಾಣದಲ್ಲಿ ಬೆಳಗಿನ ಎಂಟು ಗಂಟೆಗೇ ಬಿಸಿಲು ಚುರುಗುಟ್ಟುತ್ತಿತ್ತು. ಸೆಪ್ಟೆಂಬರ್ ಮೊದಲ ವಾರ. ಗೌರಸಮುದ್ರದ ಮಾರಮ್ಮನ ಜಾತ್ರೆ ಮುಗಿದು ಎರಡು ದಿನವಾಗಿತ್ತಷ್ಟೆ. ಜಾತ್ರೆಗೆಂದು ಬಂದು ನೆಂಟರ ಮನೆಯಲ್ಲಿ ಉಳಿದು ಈಗ ಊರಿಗೆ ಹೊರಟವರು ಗಂಟುಮೂಟೆ ಹರಡಿಕೊಂಡು ಕೂತಿದ್ದರು. ಹೆಂಗಸರ ಮುಡಿಯಲ್ಲಿ ಒಣಗಿದ ಬೇವಿನ ಎಸಳು, ಮಕ್ಕಳ ಹಣೆಯಲ್ಲಿ ಕರಗಿದ ಕುಂಕುಮ. ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತಿತ್ತು. ನನ್ನ ಪಕ್ಕ ಕೂತಿದ್ದ ಅಜ್ಜಿ ತನ್ನ ಚೀಲದಿಂದ ಒಂದು ಹಿಡಿ ಮಂಡಕ್ಕಿ ತೆಗೆದು, ಕೇಳದೆಯೇ ನನ್ನ ಅಂಗೈಗೆ ಸುರಿದರು. ‘ಅಮ್ಮನ ಪ್ರಸಾದ, ತಿನ್ನಪ್ಪ’ ಅಂದರು. ಕೈಯಲ್ಲಿ ಹಿಡಿದುಕೊಂಡು ಒಂದು ಗಳಿಗೆ ಸುಮ್ಮನಿದ್ದೆ. ಆಮೇಲೆ ತಿಂದೆ.

ಆ ಒಂದು ಗಳಿಗೆಯ ಹಿಂದೆ ಮೂವತ್ತು ವರ್ಷದ ಕತೆ ಇದೆ. ಕೊಂಡ್ಲಹಳ್ಳಿಗೆ ನಾನು ಹೊರಟಿದ್ದೇ ಅದಕ್ಕಾಗಿ.

ನಾನು ಹಾಸನ ಸೀಮೆಯ ಕ್ರೈಸ್ತ. ಹೇಮಾವತಿಯ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಎದ್ದು ನಿಲ್ಲುವ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ನಮ್ಮ ಹಿರಿಯರ ಜ್ಞಾನಸ್ನಾನ, ಮದುವೆ, ಮಣ್ಣು ಎಲ್ಲವೂ ಅದರ ನೆರಳಿನಲ್ಲೇ ಆದವು. ಗೊರೂರಿನಲ್ಲಿ ಅಣೆಕಟ್ಟೆ ಎದ್ದಾಗ ಊರು ಎತ್ತಂಗಡಿಯಾಯಿತು. ಗೋಡೆಗಳು ಅಲ್ಲೇ ಉಳಿದವು.

1994ರಲ್ಲಿ ಚಿತ್ರದುರ್ಗದಲ್ಲಿ ಓದುತ್ತಿದ್ದಾಗ ಕೊಂಡ್ಲಹಳ್ಳಿಯ ಗೆಳೆಯನೊಬ್ಬ ಹಬ್ಬಕ್ಕೆ ಮನೆಗೆ ಕರೆದುಕೊಂಡು ಹೋಗಿದ್ದ. ಅವರು ಮ್ಯಾಸ ನಾಯಕರು. ಸಾಲಾಗಿ ಕೂತೆವು. ಎಲೆಗೆ ಮುದ್ದೆ ಬಿತ್ತು, ಬಾಡಿನ ಸಾರು ಬಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಪ್ರೀತಿಯಿಂದಲೇ ‘ಉಣ್ಣು, ಮಾರಮ್ಮಗೆ ಬಿಟ್ಟಿದ್ದ ಮೇಕೆ’ ಅಂದರು. ಚಿಕ್ಕಂದಿನಿಂದ ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದ ಒಂದೇ ಒಂದು ಮಾತು ನನ್ನ ಗಂಟಲಲ್ಲಿ ನಿಂತಿತು. ವಿಗ್ರಹಕ್ಕೆ ಅರ್ಪಿಸಿದ್ದನ್ನು ಮುಟ್ಟಬಾರದು. ಎಲೆ ಬಿಟ್ಟು ಎದ್ದೆ. ಉಣ್ಣುವ ಎಲೆ ಬಿಟ್ಟು ಏಳುವುದೆಂದರೆ ಏನೆಂದು ಕನ್ನಡಿಗರಿಗೆ ನಾನು ಹೇಳಬೇಕಿಲ್ಲ. ಗೆಳೆಯನ ಅವ್ವ ಸೌಟು ಹಿಡಿದು ನಿಂತಿದ್ದರು. ‘ಆಗ್ಲಿ ಬಿಡಪ್ಪ, ಮಜ್ಜಿಗೆ ಅನ್ನ ಹಾಕ್ತೀನಿ’ ಅಂದರು. ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಬಸ್ಸು ತಳಕು ದಾಟಿತು. ಎರಡೂ ಕಡೆ ಶೇಂಗಾ ಹೊಲ, ಅಲ್ಲಲ್ಲಿ ಈರುಳ್ಳಿ, ನಡುನಡುವೆ ಜಾಲಿ ಮತ್ತು ಕಾರೆಯ ಪೊದೆ. ದೂರದಲ್ಲಿ ಗುಂಡುಗಲ್ಲುಗಳನ್ನು ಪೇರಿಸಿಟ್ಟಂಥ ಬೆಟ್ಟಸಾಲು. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಇದೂ ಒಂದು. ಹುಲ್ಲು ಬಿಟ್ಟರೆ ಬೇರೇನನ್ನೂ ಧಾರಾಳವಾಗಿ ಕೊಡದ ನೆಲ. ಆ ಹುಲ್ಲನ್ನೇ ನಂಬಿ ದನ ಕಾಯ್ದು ಬದುಕಿದವರು ಮ್ಯಾಸ ನಾಯಕರು ಮತ್ತು ಕಾಡುಗೊಲ್ಲರು. ನಾಯಕರಲ್ಲಿ ಊರು ನಾಯಕರು, ಮ್ಯಾಸ ನಾಯಕರು ಎಂದು ಎರಡು ಕವಲು; ಮ್ಯಾಸ ಅಂದರೆ ಹುಲ್ಲುಗಾವಲು, ಅಡವಿಯ ಬಯಲು.

ಈ ಅರ್ಥ ತಿಳಿದ ದಿನ ನಾನು ಬೆಚ್ಚಿದ್ದೆ. ಏಕೆಂದರೆ ಕ್ರೈಸ್ತೇತರ ಪುರಾತನ ಪೂಜೆಯವರಿಗೆ ಇಂಗ್ಲಿಷಿನಲ್ಲಿರುವ ಹೆಸರುಗಳು ಎರಡು. ಒಂದು ಪೇಗನ್. ಅದು ಲ್ಯಾಟಿನ್ನಿನ ಪಗಾನುಸ್. ಮೂಲ ಅರ್ಥ ಹಳ್ಳಿಗ. ಇನ್ನೊಂದು ಹೀದನ್. ಹೀತ್ ಅಂದರೆ ಕುರುಚಲು ಬೆಳೆದ ಬಯಲು, ಅಲ್ಲಿ ಇರುವವನು ಹೀದನ್ ಎಂದು ಪದಕೋಶಗಳು ಹೇಳುತ್ತವೆ. ಹಳ್ಳಿಗ ಮತ್ತು ಬಯಲಿನವ. ಹೆಸರಲ್ಲೇ ‘ಹಳ್ಳಿ’ ಇರುವ ಕೊಂಡ್ಲಹಳ್ಳಿಯ ಮ್ಯಾಸ ಮನೆಯೊಂದರಲ್ಲಿ ಈ ಎರಡೂ ಪದಗಳು ತಮ್ಮ ಹುಟ್ಟಿನ ಅರ್ಥದಲ್ಲೇ ಕೂತಿವೆ. ಹಳ್ಳಿಗ ಎಂಬ ಮಾತು ಬೈಗುಳವಾದದ್ದು ಹೇಗೆ? ರೋಮ್ ಸಾಮ್ರಾಜ್ಯದ ಪಟ್ಟಣಗಳು ಬೇಗ ಕ್ರೈಸ್ತವಾದವು, ಹಳ್ಳಿಗಳು ತಮ್ಮ ಮರ, ಚಿಲುಮೆ, ಕಲ್ಲುಗಳನ್ನು ಬಿಡಲಿಲ್ಲ ಎಂಬುದು ಬಹುಕಾಲದಿಂದ ಬಂದ ವಿವರಣೆ. ಎಲ್ಲ ವಿದ್ವಾಂಸರೂ ಇದನ್ನು ಒಪ್ಪುವುದಿಲ್ಲ. ಆದರೆ ಒಂದು ಮಾತು ನಿಜ. ಆ ಹಳ್ಳಿಗರು ತಮ್ಮನ್ನು ತಾವು ಪೇಗನ್ ಎಂದು ಕರೆದುಕೊಂಡವರಲ್ಲ. ಅವರ ಪೂಜೆಗೆ ಹೆಸರೇ ಇರಲಿಲ್ಲ. ಹೆಸರಿಟ್ಟವರು ಎದುರಿನವರು.

ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ಸರಿಸಮವಾಗಿ ನಿಲ್ಲುವ ಪದ ‘ಅನ್ಯಜನರು’. ಚಿಕ್ಕವನಿದ್ದಾಗ ಈ ಪದ ಕೇಳಿದಾಗೆಲ್ಲ ಯಾರೋ ದೂರದ, ಮುಖವಿಲ್ಲದ ಗುಂಪು ಎಂದುಕೊಳ್ಳುತ್ತಿದ್ದೆ. ಆ ಪದಕ್ಕೆ ಮುಖ ಬಂದದ್ದು ಸೌಟು ಹಿಡಿದು ನಿಂತ ಆ ಅವ್ವನನ್ನು ನೋಡಿದ ಮೇಲೆ.

ಈ ಸೀಮೆಯ ನೆರೆಯಲ್ಲೇ, ಬಳ್ಳಾರಿಯಲ್ಲಿ, ಕನ್ನಡಕ್ಕೆ ಬೈಬಲ್ ಬಂದದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಕನ್ನಡ ಕಲಿತರು, ಶಾಲೆ ತೆರೆದರು, ವರ್ಷಗಟ್ಟಲೆ ಕೂತು ಬೈಬಲ್ಲನ್ನು ಕನ್ನಡಕ್ಕೆ ತಂದರು. ಅವರ ಜೊತೆಗಾರ ವಿಲಿಯಂ ರೀವ್ 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಕೊಟ್ಟರು. ಹಂಪಿಯ ಜಾತ್ರೆಗಳಿಗೂ ಈ ಪಾದ್ರಿಗಳು ಪುಸ್ತಕ ಹಿಡಿದು ಹೋಗುತ್ತಿದ್ದರು. ತೇರಿನ ಮುಂದೆ ನಿಂತು, ಮರ ಕಲ್ಲಿಗೆ ಕೈಮುಗಿಯಬೇಡಿ ಎಂದು ಹೇಳುವುದಕ್ಕೆ ಅವರು ಬಳಸಿದ ಕನ್ನಡ, ಅದೇ ತೇರಿನ ಜನರಿಂದ ಕಲಿತ ಕನ್ನಡ. ದೇವರು, ಪೂಜೆ, ಬಲಿ, ಪ್ರಸಾದ, ಹರಕೆ, ಗುರು, ದೀಕ್ಷೆ. ಇವುಗಳಲ್ಲಿ ಒಂದನ್ನೂ ಅವರು ಹಡಗಿನಲ್ಲಿ ತಂದಿರಲಿಲ್ಲ. ಇವತ್ತಿಗೂ ನಾವು ಕನ್ನಡ ಕಥೋಲಿಕರು ಭಾನುವಾರ ಚರ್ಚಿಗೆ ಹೋಗುವುದು ‘ಬಲಿಪೂಜೆ’ಗೆ. ಈ ಎರಡು ಪದಗಳನ್ನು ನಮಗೆ ಕೊಟ್ಟವರು ಯಾರು ಎಂದು ಯೋಚಿಸಿದರೆ ನನಗೆ ತಲೆ ತಗ್ಗುತ್ತದೆ.

ಕೊಂಡ್ಲಹಳ್ಳಿಯಲ್ಲಿ ಇಳಿದಾಗ ಗೆಳೆಯ ಬೈಕ್ ತಂದು ನಿಂತಿದ್ದ. ಕೂದಲು ನರೆತಿದೆ. ಮೇಷ್ಟ್ರಾಗಿದ್ದಾನೆ. ಮನೆಯ ಮಾಳಿಗೆ ಹೋಗಿ ತಾರಸಿ ಬಂದಿದೆ. ಅವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದರು. ಎಂಬತ್ತು ದಾಟಿದೆ, ಕಣ್ಣು ಮಂಜು. ಧ್ವನಿ ಕೇಳಿಯೇ ಗುರುತು ಹಿಡಿದರು. ‘ಮಜ್ಜಿಗೆ ಅನ್ನ ಉಂಡೋನಲ್ಲೇನೋ ನೀನು?’ ಅಂದರು. ನನ್ನ ಕಾಲೇ ಏಳದಾಯಿತು.

ರಾತ್ರಿ ಊಟಕ್ಕೆ ಹುರುಳಿಕಾಳಿನ ಸಾರು, ಮುದ್ದೆ, ಶೇಂಗಾ ಚಟ್ನಿ. ಸೊಸೆ ಸಂಕೋಚದಿಂದ, ‘ಪ್ಯಾಟೆಯೋರಿಗೆ ಕೋಳಿ ಮಾಡ್ಬೇಕಿತ್ತು, ನಮ್ಮಲ್ಲಿ ಕೋಳಿ ತಿನ್ನಂಗಿಲ್ಲ ಅಣ್ಣ’ ಅಂದರು. ಮ್ಯಾಸ ನಾಯಕರಲ್ಲಿ ಕೋಳಿ ಮತ್ತು ಹಂದಿ ನಿಷಿದ್ಧ. ಹೆಂಡವನ್ನೂ ಅವರ ಕಟ್ಟಳೆ ಒಪ್ಪುವುದಿಲ್ಲ. ಈಚಲ ಮರವನ್ನೇ ದೂರ ಇಟ್ಟವರು. ಹೊಸ ಹುಡುಗರು ಎಲ್ಲವನ್ನೂ ಪಾಲಿಸುತ್ತಾರೆಂದಲ್ಲ, ಆದರೆ ಮನೆಯ ಒಲೆಯ ಮೇಲೆ ಇನ್ನೂ ಆ ಕಟ್ಟು ಉಳಿದಿದೆ. ನನಗೆ ನೆನಪಾದದ್ದು ಮೋಶೆಯ ಕಟ್ಟಳೆಗಳು. ಯಾವುದನ್ನು ತಿನ್ನಬಹುದು, ಯಾವುದು ಹೊಲೆ ಎಂದು ಯಾಜಕಕಾಂಡದ ಹನ್ನೊಂದನೇ ಅಧ್ಯಾಯ ಎಣಿಸಿ ಹೇಳುತ್ತದೆ. ಹಂದಿ ಅಲ್ಲಿ ಕಟ್ಟುನಿಟ್ಟಾಗಿ ನಿಷಿದ್ಧ. ನಮ್ಮ ಮನೆಯಲ್ಲಿ ಕ್ರಿಸ್‌ಮಸ್‌ಗೆ ಹಂದಿ ಮಾಂಸವಿಲ್ಲದೆ ಹಬ್ಬವೇ ಇಲ್ಲ. ಆ ಗ್ರಂಥವನ್ನು ಓದುವವರು ನಾವು. ಅಂಥದೇ ಕಟ್ಟು ಪಾಲಿಸಿದವರು, ಅದನ್ನು ಕಣ್ಣಲ್ಲೂ ಕಾಣದ ಇವರು.

ಕ್ರೈಸ್ತಧರ್ಮ ಅನ್ಯಜನರ ಮನೆಗೆ ಕಾಲಿಟ್ಟದ್ದೇ ಊಟದ ಜಗಳದ ಮೂಲಕ. ಕೊರಿಂಥ ಪಟ್ಟಣದಲ್ಲಿ ಮಾಂಸದಂಗಡಿಗೆ ಬರುತ್ತಿದ್ದ ಮಾಂಸದಲ್ಲಿ ಗುಡಿಯಲ್ಲಿ ಕಡಿದದ್ದೂ ಇರುತ್ತಿತ್ತು. ಹೊಸ ಕ್ರೈಸ್ತರು ಅದನ್ನು ತಿನ್ನಬೇಕೋ ಬಿಡಬೇಕೋ? ಪೌಲ ಬರೆದ ಪತ್ರದ ತಾತ್ಪರ್ಯ ಹೀಗಿದೆ. ವಿಗ್ರಹ ಏನೂ ಅಲ್ಲ. ಯಾರಾದರೂ ಊಟಕ್ಕೆ ಕರೆದರೆ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಿ. ಆದರೆ, ಇದು ದೇವರಿಗೆ ಅರ್ಪಿಸಿದ್ದು ಎಂದು ಯಾರಾದರೂ ಹೇಳಿದರೆ ಬಿಟ್ಟುಬಿಡಿ. ನೋಡಿ, 1994ರಲ್ಲಿ ನಾನು ಮಾಡಿದ್ದು ಅಕ್ಷರಶಃ ಇದನ್ನೇ. ಹಿರಿಯರು ಹೇಳಿದರು, ನಾನು ಬಿಟ್ಟೆ. ಆದರೆ ಹೀಗೆ ಬಿಡಬೇಕಾದದ್ದು ಏಕೆ ಎಂಬ ಮುಂದಿನ ಸಾಲುಗಳನ್ನು ಆ ತರಗತಿಯಲ್ಲಿ ನನಗೆ ಯಾರೂ ಓದಿಸಿರಲಿಲ್ಲ. ನಿನ್ನ ಮನಸ್ಸಿನ ಸಲುವಾಗಿ ಅಲ್ಲ, ಎದುರಿನವನ ಮನಸ್ಸಿನ ಸಲುವಾಗಿ ಎನ್ನುತ್ತಾನೆ ಪೌಲ. ಅವತ್ತು ಆ ಪಡಸಾಲೆಯಲ್ಲಿ ನೊಂದ ಮನಸ್ಸು ಯಾರದು?

ಬೆಳಗಿನ ಜಾವ ಗೆಳೆಯ ದೇವರ ಎತ್ತು ನೋಡಲು ಕರೆದೊಯ್ದ. ಊರಾಚೆ ಮುಳ್ಳುಬೇಲಿಯ ರೊಪ್ಪ. ಬಾಗಿಲ ಬಳಿ ಚಪ್ಪಲಿ ಬಿಡಿಸಿದ. ಒಳಗೆ ಬಿಳಿ, ಬೂದು ಬಣ್ಣದ ನಲವತ್ತೋ ಐವತ್ತೋ ರಾಸುಗಳು. ಉಸಿರಿನ ಹಬೆ, ಸಗಣಿ ಗಂಜಲದ ಬೆಚ್ಚನೆಯ ವಾಸನೆ. ಇವಕ್ಕೆ ನೊಗ ಹೂಡುವುದಿಲ್ಲ, ಇವನ್ನು ಮಾರುವುದಿಲ್ಲ. ಸತ್ತರೆ ಮಣ್ಣು ಮಾಡುತ್ತಾರೆ. ಕಾಯುವವನು ಕಿಲಾರಿ. ಬರಿಗಾಲು, ಹೆಗಲಿಗೆ ಕಂಬಳಿ. ಅವನು ಒಂದು ಹೋರಿಯ ಕಿವಿಯ ಬುಡದಲ್ಲಿ ಉಣ್ಣಿ ಹುಡುಕಿ ಕೀಳುತ್ತಿದ್ದ. ಎಡಗೈಯಿಂದ ಅದರ ಗಂಗೆದೊಗಲು ಸವರುತ್ತ, ಬಲಗೈಯ ಉಗುರಿನಿಂದ ಒಂದೊಂದೇ ಉಣ್ಣಿ ಹಿಡಿದು, ಸೊಂಟದ ಪುಟ್ಟ ಡಬ್ಬಿಯೊಳಕ್ಕೆ ಹಾಕುತ್ತಿದ್ದ. ಹೋರಿ ಕಣ್ಣು ಮುಚ್ಚಿ ಕತ್ತು ಚಾಚಿ ನಿಂತಿತ್ತು. ಆ ಕೆಲಸ ಮುಗಿಯುವವರೆಗೂ ಕಿಲಾರಿ ನಮ್ಮ ಕಡೆ ತಿರುಗಲಿಲ್ಲ. ಪೂಜೆ ಎಂದರೆ ಗಂಟೆ, ಮಂಗಳಾರತಿ ಎಂದುಕೊಂಡಿದ್ದವನಿಗೆ ಇದು ಪೂಜೆ ಎಂದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಇದೇ ದನ, ಇದೇ ಬಲಿಯ ವಿಚಾರವಾಗಿ ಸಾವಿರದ ನಾಲ್ಕುನೂರು ವರ್ಷದ ಹಿಂದೆ ರೋಮಿನ ಪೋಪ್ ಒಬ್ಬರು ಒಂದೇ ಬೇಸಿಗೆಯಲ್ಲಿ ಮನಸ್ಸು ಬದಲಿಸಿದ್ದರು. 601ರಲ್ಲಿ ಪೋಪ್ ಗ್ರೆಗರಿ ಇಂಗ್ಲೆಂಡಿನ ಕೆಂಟ್ ದೊರೆ ಎಥಲ್‌ಬರ್ಟ್‌ಗೆ ಬರೆದ ಕಾಗದದಲ್ಲಿ, ವಿಗ್ರಹಪೂಜೆ ಅಡಗಿಸು, ಗುಡಿಗಳನ್ನು ಕೆಡವು ಎಂದರು. ಕೆಲವೇ ವಾರಗಳಲ್ಲಿ ಮೆಲ್ಲಿಟಸ್ ಎಂಬ ಪಾದ್ರಿಗೆ ಬರೆದ ಇನ್ನೊಂದು ಕಾಗದದಲ್ಲಿ, ಗುಡಿ ಕೆಡವಬೇಡಿ, ವಿಗ್ರಹ ಮಾತ್ರ ತೆಗೆಯಿರಿ. ತೀರ್ಥ ಚಿಮುಕಿಸಿ ಅಲ್ಲೇ ಪ್ರಾರ್ಥಿಸಿ. ಜನ ಎತ್ತು ಕಡಿದು ಹಬ್ಬ ಮಾಡುವವರು, ಆ ಹಬ್ಬ ಕಿತ್ತುಕೊಳ್ಳಬೇಡಿ, ಚರ್ಚಿನ ಸುತ್ತ ಹಸಿರು ಚಪ್ಪರ ಹಾಕಿಕೊಂಡು ದೇವರ ಹೆಸರಲ್ಲಿ ಉಣ್ಣಲಿ ಎಂದರು. ಹಸಿರು ಚಪ್ಪರ, ಬಾಡೂಟ, ನೆಂಟರಿಷ್ಟರು. ನಮ್ಮ ಕಡೆಯ ಯಾವುದೇ ಮಾರಿಹಬ್ಬದ ವರ್ಣನೆ ಇದಕ್ಕಿಂತ ಬೇರೆ ಇರುವುದಿಲ್ಲ.

ಎಲ್ಲರೂ ಗ್ರೆಗರಿಯ ಎರಡನೇ ಕಾಗದದಂತೆ ನಡೆದುಕೊಳ್ಳಲಿಲ್ಲ. 391-92ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಹಳೆಯ ದೇವರುಗಳಿಗೆ ಬಲಿ ಕೊಡುವುದನ್ನೇ ಕಾನೂನಿನಿಂದ ನಿಲ್ಲಿಸಿದ್ದ. ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದ ಸೆರಾಪಿಸ್ ದೇವಾಲಯ ನೆಲಸಮವಾಯಿತು. 8ನೇ ಶತಮಾನದಲ್ಲಿ ಜರ್ಮನಿಯ ಗೈಸ್ಮಾರಿನಲ್ಲಿ ಬೋನಿಫೇಸ್ ಎಂಬ ಸಂತರು ಜನ ಪೂಜಿಸುತ್ತಿದ್ದ ಓಕ್ ಮರವನ್ನು ಕೊಡಲಿ ಹಿಡಿದು ಉರುಳಿಸಿದರು. ಹತ್ತಿರಕ್ಕೆ ಬಂದರೆ ಗೋವೆ. 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ನ್ಯಾಯಾಲಯ ಶುರುವಾಯಿತು. ಬಾರ್ದೇಶ, ಸಾಷ್ಟಿಗಳಲ್ಲಿ ಗುಡಿಗಳು ಉರುಳಿದವು, ದೇವರುಗಳು ರಾತ್ರೋರಾತ್ರಿ ಹೊಳೆ ದಾಟಿ ಫೋಂಡಾ ಸೇರಿದವು. ಮತಾಂತರವಾದವರನ್ನೂ ಬಿಡಲಿಲ್ಲ. ತುಳಸಿ ನೆಟ್ಟರೆ, ಹಳೆಯ ರೀತಿಯಲ್ಲಿ ಮದುವೆ ಮಾಡಿದರೆ ವಿಚಾರಣೆ. ಅದರ ಕಾಟಕ್ಕೆ ಕರಾವಳಿ ಕನ್ನಡನಾಡಿಗೆ ವಲಸೆ ಬಂದವರಲ್ಲಿ ಕೊಂಕಣಿ ಕ್ರೈಸ್ತರೂ ಇದ್ದರು. ಇವನ್ನೆಲ್ಲ ಕ್ರೈಸ್ತನಾಗಿ ನಾನು ಬಾಯಿಬಿಟ್ಟು ಹೇಳಲೇಬೇಕು. ನಮ್ಮ ಚರ್ಚಿನ ಇತಿಹಾಸದ ಪುಸ್ತಕಗಳು ಹುತಾತ್ಮರ ಹೆಸರನ್ನು ಪ್ರೀತಿಯಿಂದ ಬರೆಯುತ್ತವೆ. ಕಡಿದ ಮರದ ಕತೆಯನ್ನು ಸಾಹಸವೆಂದು ಬರೆಯುತ್ತವೆ. ಅದು ಸಾಹಸವಲ್ಲ. ಇನ್ನೊಬ್ಬರ ತಾಯಿಯ ಮೇಲೆ ಕೈಮಾಡಿದ್ದು.

ಆದರೆ ನಮ್ಮ ಮೈಸೂರು ಸೀಮೆಯಲ್ಲಿ ಕತೆ ಬೇರೆ ದಾರಿಯಲ್ಲೂ ನಡೆಯಿತು. ಮಾರಮ್ಮ ಸಿಡುಬಿನ ಅಮ್ಮ. ಮೈಮೇಲೆ ಸಿಡುಬು ಎದ್ದರೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬೇವಿನ ಸೊಪ್ಪಿನ ಮೇಲೆ ಮಲಗಿಸಿ ತಂಪು ಮಾಡುತ್ತಿದ್ದರು. ಟಿಪ್ಪು ಮಡಿದ ಮೇಲೆ, 1799ರ ನಂತರ, ಚದುರಿದ ಕ್ರೈಸ್ತರನ್ನು ಕೂಡಿಸಲು ಶ್ರೀರಂಗಪಟ್ಟಣಕ್ಕೆ ಬಂದ ಫ್ರೆಂಚ್ ಪಾದ್ರಿ ಅಬ್ಬೆ ದುಬಾಯ್, 1803-04ರಲ್ಲಿ ಹಳ್ಳಿಹಳ್ಳಿ ತಿರುಗಿ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಜನರಿಗೆ ಸಿಡುಬಿನ ದೇವಿ ಹಾಕಿಸಿದರು. ನೋಡಿ, ಲಸಿಕೆಗೂ ನಮ್ಮ ಜನ ‘ದೇವಿ’ ಎಂದೇ ಹೆಸರಿಟ್ಟರು. ಅಮ್ಮನನ್ನು ಓಡಿಸಲು ಬಂದ ಮದ್ದು ಅಮ್ಮನ ಹೆಸರಲ್ಲೇ ತೋಳಿನೊಳಗೆ ಇಳಿಯಿತು. ದುಬಾಯ್ ರುಮಾಲು ಸುತ್ತಿ, ಮಾಂಸ ಬಿಟ್ಟು, ಇಲ್ಲಿಯವರಂತೆ ಬದುಕಿದವರು. ನಮ್ಮ ಹಾಸನದ ಸತ್ತಿಹಳ್ಳಿಯಲ್ಲಿ ಅವರ ನೆನಪು ‘ದೊಡ್ಡ ಸ್ವಾಮಿಯವರು’ ಎಂದೇ ಉಳಿದಿದೆ. ಅಷ್ಟು ಹತ್ತಿರ ಬದುಕಿಯೂ ಅವರ ಪುಸ್ತಕದ ತುಂಬ ಇಲ್ಲಿಯ ಪೂಜೆಗಳ ಬಗ್ಗೆ ಹೇಸಿಗೆಯೇ ತುಂಬಿದೆ. 1823ರಲ್ಲಿ ದೇಶ ಬಿಟ್ಟಾಗ, ಈ ನೆಲದಲ್ಲಿ ಮತಾಂತರ ಆಗುವ ಮಾತಲ್ಲ ಎಂದು ಸೋತ ಧ್ವನಿಯಲ್ಲಿ ಬರೆದರು. ನನ್ನಂಥವರ ಮನೆತನಗಳು ಅವರ ಮತ್ತು ಅವರ ನಂತರದವರ ದುಡಿಮೆಯ ಫಲ. ಅವರಿಗೆ ನಾನು ಕೃತಜ್ಞ. ಆ ಹೇಸಿಗೆಯನ್ನು ಮಾತ್ರ ವಾರಸುದಾರಿಕೆಯಾಗಿ ತೆಗೆದುಕೊಳ್ಳಲಾರೆ.

ಅವ್ವನಿಗೆ ಮರುದಿನದ ಹಬ್ಬದ ಬಗ್ಗೆ ಹೇಳಿದೆ. ಸೆಪ್ಟೆಂಬರ್ 8, ಮರಿಯಮ್ಮನವರು ಹುಟ್ಟಿದ ದಿನ. ಬೆಂಗಳೂರಿನ ಶಿವಾಜಿನಗರದಲ್ಲಿ ಅಮ್ಮನ ತೇರು ಎಳೆಯುತ್ತಾರೆ, ಕಾವಿ ಬಣ್ಣದ ಸೀರೆ ಉಟ್ಟು ಹರಕೆ ಹೊತ್ತ ಹೆಂಗಸರು ಬರಿಗಾಲಲ್ಲಿ ನಡೆದು ಬರುತ್ತಾರೆ. ಮಂಗಳೂರಿನ ಕಡೆ ಹೊಸ ಭತ್ತದ ತೆನೆ ತಂದು ಆಶೀರ್ವಾದ ಮಾಡಿಸಿ, ಮನೆಯವರೆಲ್ಲ ಹಾಲಿನಲ್ಲಿ ಬೆರೆಸಿ ಉಣ್ಣುತ್ತಾರೆ. ಅವ್ವ ಕೇಳುತ್ತ ಕೂತಿದ್ದರು. ‘ಮರಿಯಮ್ಮ ಅಂದ್ಯಾ, ಮಾರಮ್ಮ ಅಂದ್ಯಾ?’ ಎಂದು ಕಿವಿಗೆ ಕೈ ಹಚ್ಚಿ ಕೇಳಿದರು. ಬಿಡಿಸಿ ಹೇಳಿದೆ. ‘ಮಗ ಸತ್ತೋದ್ನಾ ಪಾಪ, ಆ ತಾಯಿಗೆ?’ ಎಂದು ಕೇಳಿದರು. ಹೌದೆಂದೆ. ಮತ್ತೇನೂ ಕೇಳಲಿಲ್ಲ. ಈ ಎರಡು ಹೆಸರುಗಳು ಮೂಲದಲ್ಲಿ ಬೇರೆ ಬೇರೆ, ಅದು ನನಗೆ ಗೊತ್ತು. ಇಬ್ಬರೂ ಒಂದೇ ಎಂದು ಹೇಳಿ ಎರಡೂ ಕಡೆಯ ಭಕ್ತರನ್ನು ಸಪ್ಪೆ ಮಾಡುವ ಆಸೆ ನನಗಿಲ್ಲ. ಮಾರಮ್ಮ ರಕ್ತ ಕೇಳುವ ತಾಯಿ, ಮರಿಯಮ್ಮ ಮಗನ ರಕ್ತ ಕಂಡ ತಾಯಿ. ಆ ವ್ಯತ್ಯಾಸ ದೊಡ್ಡದು, ಅದು ಹಾಗೇ ಇರಲಿ.

ಮಧ್ಯಾಹ್ನಕ್ಕೆ ಮೊದಲು ಬ್ರಹ್ಮಗಿರಿಗೆ ಹೋಗಿ ಬಂದೆವು. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಬಳಿಯ ಈ ಬೆಟ್ಟದ ಬುಡದಲ್ಲಿ ಅಶೋಕನ ಶಾಸನವಿದೆ. ಸಿದ್ದಾಪುರದಲ್ಲಿ ಮತ್ತೊಂದು, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಇನ್ನೊಂದು. 1892ರಲ್ಲಿ ಇವನ್ನು ಹೊರಜಗತ್ತಿಗೆ ತೋರಿಸಿದವರು ಬಿ.ಎಲ್. ರೈಸ್. ಅವರ ತಂದೆ ಬೆಂಗಳೂರಿನಲ್ಲಿದ್ದ ಲಂಡನ್ ಮಿಷನ್ನಿನ ಪಾದ್ರಿ. ತಂದೆ ಬೋಧಿಸಲು ಬಂದ ನಾಡಿನಲ್ಲಿ ಮಗ ಊರೂರಿನ ಗುಡಿಗಲ್ಲು, ವೀರಗಲ್ಲುಗಳನ್ನು ಓದಿ ಸಾವಿರಾರು ಶಾಸನಗಳನ್ನು ಅಚ್ಚು ಹಾಕಿಸಿದರು. ಬಾಸೆಲ್ ಮಿಷನ್ನಿನ ಕಿಟ್ಟೆಲರ ಕತೆಯೂ ಇದೇ. ಬೋಧನೆಗೆಂದು ಕಳಿಸಿದ ಪಾದ್ರಿ ಕನ್ನಡದ ಕಾವ್ಯ, ಛಂದಸ್ಸುಗಳಲ್ಲಿ ಮುಳುಗಿ 1894ರಲ್ಲಿ ಸುಮಾರು 70,000 ಪದಗಳ ನಿಘಂಟು ಕೊಟ್ಟರು. ಅದೇ ಮಿಷನ್ನಿನ ಮ್ಯಾನರ್ 1886ರಲ್ಲಿ ತುಳುನಾಡಿನ ಭೂತಗಳ ಪಾಡ್ದನಗಳನ್ನು ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಭೂತವನ್ನು ಬಿಡಿಸಬೇಕೆಂದು ಬಂದವರ ಕೈಯಲ್ಲೇ ಭೂತದ ಹಾಡು ಉಳಿಯಿತು.

ಶಾಸನದ ಬಂಡೆಗೆ ಈಗ ಸೂರು ಕಟ್ಟಿದ್ದಾರೆ. ಅಕ್ಷರಗಳು ಕಣ್ಣಿಗಿಂತ ಬೆರಳಿಗೆ ಬೇಗ ಸಿಗುವಂಥವು, ಆದರೆ ಮುಟ್ಟುವಂತಿಲ್ಲ. ಇಸಿಲ ಎಂಬ ಪಟ್ಟಣದ ಅಧಿಕಾರಿಗಳಿಗೆ ಬಂದ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಎಂಬಷ್ಟು ಸರಳವಾದ ಧರ್ಮ. ಪಟ್ಟಣದ ಧರ್ಮವೊಂದು ಬಯಲಿನ ಜನಕ್ಕೆ ಹೀಗೆ ಬಾಳಿ ಎಂದು ಹೇಳಿದ್ದು ಈ ಸೀಮೆಯಲ್ಲಿ ಅದೇ ಮೊದಲಿರಬೇಕು. ಕ್ರೈಸ್ತರು ಬಂದದ್ದು ಎರಡು ಸಾವಿರ ವರ್ಷ ತಡವಾಗಿ. ಊರಿನವರು ಆ ಬಂಡೆಗೆ ಇಟ್ಟುಕೊಂಡಿದ್ದ ಹೆಸರು ‘ಅಕ್ಷರಗುಂಡು’. ಅದರ ಮೇಲೆ ಹೊಯ್ದ ನೀರಿಗೆ ರೋಗ ವಾಸಿ ಮಾಡುವ ಗುಣವಿದೆ ಎಂದು ನಂಬಿದ್ದರಂತೆ. ಓದಲು ಬಾರದ ಲಿಪಿಯನ್ನೂ ಅವರು ಎಸೆಯಲಿಲ್ಲ. ದೇವರ ಪಕ್ಕ ಜಾಗ ಕೊಟ್ಟರು.

ವಾಪಸು ಬರುವಾಗ ಗೆಳೆಯ ತನ್ನ ಮನಸ್ಸಿನ ಮಾತು ಹೇಳಿದ. ಅವರ ದೇವರುಗಳು ಪೆಟ್ಟಿಗೆಯಲ್ಲಿರುವ ದೇವರುಗಳು. ಹುಲ್ಲಿನ ಗುಡಿಸಲಲ್ಲಿ ಇದ್ದು, ದನದ ಜೊತೆ ಅಲೆದವು. ಈಗ ಊರೂರಲ್ಲಿ ಆರ್‌ಸಿಸಿ ಗುಡಿ, ಗೋಪುರ, ಬಣ್ಣ. ಹಾಡುವ ಹೆಂಗಸರನ್ನು ಪಕ್ಕಕ್ಕೆ ಕೂರಿಸಿ ಮೈಕಿನಲ್ಲಿ ಮಂತ್ರ. ‘ನಿಮ್ಮೋರು ನಮ್ಮನ್ನ ಅನ್ಯರು ಅಂದ್ರು. ಈಗ ಬರೋರು ನೀವು ನಮ್ಮೋರೇ ಅಂತಾರೆ, ಆದ್ರೆ ನಿಮ್ ಪೂಜೆ ಸರಿ ಇಲ್ಲ ಅಂತಾರೆ’ ಅಂದ. ಚಳ್ಳಕೆರೆಯ ಕುದಾಪುರದ ಕಡೆ ಅಮೃತಮಹಲ್ ಕಾವಲಿನ ಸಾವಿರಾರು ಎಕರೆಗೆ ವಿಜ್ಞಾನ ಸಂಸ್ಥೆಗಳ ಬೇಲಿ, ಗೋಡೆ ಬಿದ್ದ ಮೇಲೆ ದೇವರ ಎತ್ತಿಗೆ ಮೇಯಲು ಬಯಲೂ ಕಡಿಮೆಯಾಗಿದೆ. ಬರ ಬಂದ ವರ್ಷ ಮೇವಿಗೆ ಸರ್ಕಾರದ ಮುಂದೆ ಕೈಯೊಡ್ಡಬೇಕು. ಬಯಲೇ ಹೋದ ಮೇಲೆ ಬಯಲಿನ ದೇವರು ಎಲ್ಲಿ ಇರಬೇಕು ಎಂಬ ಅವನ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಮತಾಂತರದ ಗಲಾಟೆಯ ಬಗ್ಗೆಯೂ ಮಾತು ಬಂತು. 2021ರಲ್ಲಿ ಇದೇ ಜಿಲ್ಲೆಯ ಶಾಸಕರೊಬ್ಬರು ತಮ್ಮ ತಾಯಿಯೇ ಕ್ರೈಸ್ತ ಮತಕ್ಕೆ ಹೋದರೆಂದು ವಿಧಾನಸಭೆಯಲ್ಲಿ ಹೇಳಿದ್ದರು. ಮುಂದಿನ ವರ್ಷ ಮತಾಂತರ ತಡೆಯ ಕಾಯ್ದೆ ಬಂತು. ಸಭೆಯಲ್ಲಿ, ಟಿ.ವಿ.ಯಲ್ಲಿ ಎಲ್ಲರೂ ಮಾತಾಡಿದರು. ಆ ತಾಯಿ ಏನು ನೊಂದಿದ್ದರು, ಏನು ಹುಡುಕಿದ್ದರು ಎಂದು ಕೇಳಿದವರು ಕಡಿಮೆ. ಬೋನಿಫೇಸರ ಕೊಡಲಿಗೂ ಕಾನೂನಿನ ಕೊಡಲಿಗೂ ಒಂದೇ ದೋಷ. ಭಕ್ತಿ ಯಾರದೋ, ತೀರ್ಮಾನ ಇನ್ನಾರದೋ.

ಊಟಕ್ಕೆ ಕೂತೆವು. ನಾನು ಬರುತ್ತೇನೆಂದು ಗೊತ್ತಾದ ಮೇಲೆಯೇ ಹರಕೆಯ ಮೇಕೆಯನ್ನು ಈ ದಿನಕ್ಕೆ ಇಟ್ಟುಕೊಂಡಿದ್ದರು ಎಂದು ಆಮೇಲೆ ತಿಳಿಯಿತು. ಮುದ್ದೆ, ಬಾಡಿನ ಸಾರು, ಒಂದು ಚೂರು ಈಲಿ. ಈ ಸಲ ಯಾರೂ ಹೇಳಲಿಲ್ಲ, ನಾನೇ ಕೇಳಿದೆ. ‘ಅವ್ವ, ಇದು ಅಮ್ಮನದಲ್ವಾ?’ ‘ಹೂಂ ಕಣಪ್ಪ’ ಅಂದರು. ಮನಸ್ಸಿನಲ್ಲಿ ನಮ್ಮ ಊಟದ ಪ್ರಾರ್ಥನೆ ಹೇಳಿಕೊಂಡು, ಶಿಲುಬೆಯ ಗುರುತು ಮಾಡಿಕೊಂಡು ಉಂಡೆ. ಅವರು ನೋಡುತ್ತಿದ್ದರು. ಏನೂ ಅನ್ನಲಿಲ್ಲ, ಇನ್ನೊಂದು ಸೌಟು ಹಾಕಿದರು.

ಕೈತೊಳೆದು ಬಂದಾಗ ಅವ್ವ ಎಲೆಯಡಿಕೆ ಮುಂದಿಟ್ಟುಕೊಂಡು ಕೂತಿದ್ದರು. ‘ನಿಮ್ಮನೆ ದೇವ್ರು ಯಾವ್ದಪ್ಪ?’ ಅಂದರು. ಯೇಸುಸ್ವಾಮಿ ಎಂದೆ. ‘ಅದು ಗೊತ್ತಪ್ಪ. ಅದಕ್ಕೂ ಮುಂಚೆ?’

ನನಗೆ ಗೊತ್ತಿರಲಿಲ್ಲ. ನಮ್ಮ ಮನೆತನ ಏಳೆಂಟು ತಲೆಮಾರಿನಿಂದ ಕ್ರೈಸ್ತ. ಜ್ಞಾನಸ್ನಾನದ ಪುಸ್ತಕದಲ್ಲಿ ಹೆಸರು, ತಾರೀಖು, ದೇವಮಾತಾಪಿತರ ಹೆಸರು ಎಲ್ಲ ಇದೆ. ಅದಕ್ಕೂ ಹಿಂದಿನ ಸಾಲಿಗೆ ಕಾಲಂ ಇಲ್ಲ. ಯಾವ ಕಲ್ಲಿಗೆ, ಯಾವ ಹೊಳೆಗೆ, ಯಾವ ಅಮ್ಮನಿಗೆ ನಮ್ಮ ಅಜ್ಜಿಯ ಅಜ್ಜಿ ಕೈಮುಗಿದಿದ್ದಳು ಎಂದು ನಾನು ಈ ವಯಸ್ಸಿನವರೆಗೂ ಯಾರನ್ನೂ ಕೇಳಿರಲಿಲ್ಲ. ಕೇಳುವುದೇ ಪಾಪ ಎಂಬಂತೆ ಬೆಳೆದಿದ್ದೆ. ಅವ್ವ ನನ್ನ ಮುಖ ನೋಡಿ, ‘ಮನೆದೇವ್ರು ಮರೀಬಾರ್ದು ಕಣಪ್ಪ. ಪೂಜೆ ಮಾಡದಿದ್ರೂ ಹೆಸ್ರಾದ್ರೂ ಗೊತ್ತಿರ್ಬೇಕು’ ಅಂದರು.

ಊರಿಗೆ ಬಂದ ವಾರವೇ ದೊಡ್ಡತ್ತೆಯ ಮನೆಗೆ ಹೋದೆ. ಶೆಟ್ಟಿಹಳ್ಳಿಯ ಹಳೆಯ ಮನೆಯಲ್ಲಿ ಹುಟ್ಟಿ ಬೆಳೆದವರಲ್ಲಿ ನಮ್ಮ ಕುಟುಂಬದಲ್ಲಿ ಈಗ ಉಳಿದಿರುವವರು ಅವರೊಬ್ಬರೇ. ಮೊದಲು ‘ಅದೆಲ್ಲ ಯಾಕೆ ಈಗ’ ಅಂದರು. ಜಪಸರ ಕೈಯಲ್ಲಿತ್ತು. ಬಹಳ ಹೊತ್ತಿನ ಮೇಲೆ ಹೇಳಿದರು. ಹೊಳೆದಂಡೆಯಲ್ಲಿ ಬಸರಿ ಮರದ ಕೆಳಗೆ ಒಂದು ಕಲ್ಲಿತ್ತು. ಭಾನುವಾರ ಪೂಜೆ ಮುಗಿಸಿ ಬರುವಾಗ ಅಜ್ಜಿ ಯಾರೂ ನೋಡದಂತೆ ಅದಕ್ಕೆ ಒಂದು ಚೊಂಬು ನೀರು ಹೊಯ್ಯುತ್ತಿದ್ದಳು. ಹೆಸರು ಬಾಯಲ್ಲಿ ಹೇಳುತ್ತಿರಲಿಲ್ಲ, ‘ಹಳೇ ಅಮ್ಮ’ ಅನ್ನುತ್ತಿದ್ದಳು. ಸ್ವಾಮಿಯವರಿಗೂ ಗೊತ್ತಿತ್ತು, ಅವರು ಏನೂ ಅನ್ನಲಿಲ್ಲ.

ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಚರ್ಚಿನ ಗೋಡೆಗಳು ಹೊರಗೆ ಬರುತ್ತವೆ, ಜನ ಫೋಟೊ ತೆಗೆಯಲು ಬರುತ್ತಾರೆ. ಆ ಕಲ್ಲು ಎಲ್ಲಿದೆ ಎಂದು ತೋರಿಸಬಲ್ಲವರು ದೊಡ್ಡತ್ತೆ ಮಾತ್ರ. ಅವರಿಗೀಗ 89 ವರ್ಷ. ಬರುವ ಏಪ್ರಿಲ್‌ನಲ್ಲಿ ನೀರು ತಗ್ಗಿದ ಮೇಲೆ ಅವರನ್ನು ಕರೆದುಕೊಂಡು ಹೋಗುತ್ತೇನೆ.